ಮೂಗು ಕೈಕೊಟ್ಟಾಗ ಸಾರಿನ ಪುಡಿ ಮಾಡಿದ ಕಥೆ

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ ಜೋರಾಗಿದ್ದಾಗ ನಂಗೂ ಬಂತು. ಮೂರು ದಿನ ಜ್ವರ, ಒಂದು ವಾರ ಮೈಕೈ ನೋವು, ಆಸ್ಪತ್ರೆ ಸೇರೋವಷ್ಟೇನೂ ಆಗ್ಲಿಲ್ಲ ಪುಣ್ಯ. ನಾಲ್ಕನೇ ದಿನ ಬೆಳಗ್ಗೆ ಮಗಳು ರೂಮಿನ ಬಾಗಿಲ ಹತ್ರ ಕಾಫಿ ಇಟ್ಟು ಹೋದ್ಳು. ಕುಡಿದ್ರೆ ಬರೀ ಬಿಸಿ, ಸಿಹಿ, ಕೊನೇಲಿ ಒಂಚೂರು ಕಹಿ. ಕಾಫಿ ಮಾತ್ರ ಇಲ್ಲ. "ಏನೇ, ಡಿಕಾಕ್ಷನ್ ಹಾಕೋದೇ ಮರ್ತ್ಯಾ?" ಅಂತ ಒಳಗಿಂದ್ಲೇ ಕೂಗಿದೆ. ಅವಳು ಸುಮ್ನೆ ಹೋಗಿ ಲೋಟಕ್ಕೆ ಇನ್ನೂ ಅರ್ಧ ಡಿಕಾಕ್ಷನ್ ಸುರಿದು ತಂದ್ಳು, ಕಹಿ ಜಾಸ್ತಿ ಆಯ್ತು ಅಷ್ಟೇ.

ಬೇರೆಯವರಿಗಾಗಿದ್ರೆ ಊಟ ಸಪ್ಪೆ ಅಂತ ನಾಲ್ಕು ದಿನ ಗೊಣಗಿ ಸುಮ್ನಾಗ್ತಿದ್ರೇನೋ, ನನ್ನ ಕಸುಬೇ ಮೂಗು. ಹನ್ನೊಂದು ವರ್ಷದಿಂದ ಮನೇಲೇ ಸಾರಿನ ಪುಡಿ, ಹುಳಿ ಪುಡಿ ಮಾಡಿ ಕೊಡ್ತಿದೀನಿ. ನಮ್ಮತ್ತೆ ಕಲಿಸಿದ್ದು ಇದನ್ನ, ಅವ್ರಿಗೆ ಗಡಿಯಾರ ಗೊತ್ತಿಲ್ಲ, ಅಳತೆ ಗೊತ್ತಿಲ್ಲ, "ಘಮ್ಮಂದ ತಕ್ಷಣ ಇಳಿಸು" ಅಷ್ಟೇ ಪಾಠ. ಆ ಘಮ್ಮನ್ನೋದೇ ಬರದಿದ್ರೆ ಯಾವಾಗ ಇಳಿಸೋದು?

ಇಪ್ಪತ್ತು ದಿನ ಆದ್ಮೇಲೆ ಆರ್ಡರ್ ಇತ್ತು ಅಂತ ಧೈರ್ಯ ಮಾಡಿ ಬಾಣಲಿ ಇಟ್ಟೆ. ಕೊತ್ತಂಬರಿ ಬೀಜ ಹುರೀತಾ ಯಾರದೋ ಫೋನಲ್ಲಿ ಮಾತಾಡ್ತಾ ನಿಂತಿದೀನಿ, ಮಹಡಿ ಮೇಲಿಂದ ಮಗಳು ಓಡಿ ಬಂದು "ಅಮ್ಮಾ, ಸೀದು ಹೋಗ್ತಿದೆ, ನಿಂಗೆ ಗೊತ್ತಾಗ್ತಿಲ್ವಾ!" ಅಂದ್ಳು. ಮಹಡಿವರೆಗೂ ಹೋಗಿದೆ ವಾಸನೆ, ಬಾಣಲಿ ಮುಂದೆ ನಿಂತಿರೋ ನಂಗಿಲ್ಲ. ಎರಡು ಕೆಜಿ ಕೊತ್ತಂಬರಿ ಗಿಡದ ಬುಡಕ್ಕೆ ಹೋಯ್ತು. ಅವತ್ತು ಅತ್ತಿದ್ದು ನಿಜ.

ಆದ್ರೆ ಅದೇ ದಿನ ಇನ್ನೊಂದು ವಿಚಿತ್ರ ಆಯ್ತು. ಮೆಣಸಿನಕಾಯಿ ಹುರಿಯುವಾಗ ಘಾಟು ಮೊದಲಿನ ಹಾಗೇ ಹತ್ತಿ ಕೆಮ್ಮು, ಸೀನು, ಕಣ್ಣಲ್ಲಿ ನೀರು ಎಲ್ಲಾ ಬಂತು. ಮೂಗು ಸತ್ತಿದೆ ಅಂದ್ಕೊಂಡಿದ್ರೆ ಇದು ಹೇಗೆ? ಇಎನ್‌ಟಿ ಡಾಕ್ಟ್ರನ್ನ ಕೇಳಿದೆ, ಅವ್ರು ನಕ್ಕು "ಅದು ಬೇರೆ ವೈರು ಕಣಮ್ಮಾ" ಅಂದ್ರು. ವಾಸನೆ ಹೋಗೋ ನರ ಒಂದು, ಉರಿ ತಂಪು ಚುಚ್ಚು ಇವನ್ನ ಹೊತ್ಕೊಂಡು ಹೋಗೋದು ಮುಖದ ಟ್ರೈಜೆಮಿನಲ್ ನರ. ಖಾರ ಅನ್ನೋದು ರುಚಿನೇ ಅಲ್ವಂತೆ, ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ತೆರೆದುಕೊಳ್ಳೋ ನರದ ಬಾಗಿಲೇ ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್‌ಗೂ ತೆರೆದುಕೊಳ್ಳುತ್ತೆ, ಮೆದುಳು ಸುಟ್ಟಿತು ಅಂದ್ಕೊಳ್ಳುತ್ತೆ. ಅದೇ ವರ್ಷ ಅಕ್ಟೋಬರಲ್ಲಿ ಈ ಬಾಗಿಲು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ ನೊಬೆಲ್ ಬಂದಾಗ ನಮ್ಮನೆಯವರು ಪೇಪರ್ ಹಿಡ್ಕೊಂಡು ಬಂದು "ನೋಡೇ ನಿನ್ನ ಘಾಟಿನ ಸುದ್ದಿ" ಅಂದಿದ್ರು. ನಮ್ಮ ಷಡ್ರಸದಲ್ಲಿ ಖಾರ, ಒಗರು ಎರಡೂ ಇವೆ ನೋಡಿ, ವಿಜ್ಞಾನದವರು ಎರಡನ್ನೂ ನಾಲಿಗೆ ರುಚಿ ಲೆಕ್ಕದಿಂದ ತೆಗೆದು ಸ್ಪರ್ಶದ ಕಡೆ ಹಾಕ್ತಾರೆ. ಬಾಯಿಗಂತೂ ಆರೂ ಬೇಕು, ಜಗಳ ಯಾಕೆ.

ಇದನ್ನ ಮನೇಲೇ ನೋಡ್ಬೇಕು ಅಂದ್ರೆ ಏಲಕ್ಕಿ ಕುಟ್ಟಿ ಸಕ್ಕರೆ ಜೊತೆ ಬೆರೆಸಿ, ಮೂಗು ಗಟ್ಟಿಯಾಗಿ ಹಿಡ್ಕೊಂಡು ಒಂದು ಚಿಟಿಕೆ ನಾಲಿಗೆ ಮೇಲೆ ಹಾಕ್ಕೊಳ್ಳಿ. ಬರೀ ಸಿಹಿ. ಈಗ ಮೂಗು ಬಿಡಿ, ಎಲ್ಲಿತ್ತೋ ಏನೋ ಏಲಕ್ಕಿ ಬಾಯ್ತುಂಬಾ ಬಂದ್ಬಿಡುತ್ತೆ. ಗಂಟಲ ಹಿಂದಿನ ದಾರಿಯಿಂದ ಗಾಳಿ ಮೂಗಿಗೆ ಏರುತ್ತೆ, ವಾಸನೆ ಅಲ್ಲಿ ಸಿಗುತ್ತೆ, ನಾವು ಅದನ್ನ ನಾಲಿಗೆ ಲೆಕ್ಕಕ್ಕೆ ಬರ್ಕೋತೀವಿ. ನನ್ನ ಕಾಫಿ ಕಳೆದುಹೋಗಿದ್ದು ಇಲ್ಲೇ. ಮೂಗಿನ ಒಳಗೆ ಮೇಲ್ಗಡೆ ಒಂದು ಚಿಕ್ಕ ಜಾಗದಲ್ಲಿ ಸುಮಾರು 400 ಥರದ ರಿಸೆಪ್ಟರ್, ಅಂದ್ರೆ ನರಕೋಶಗಳ ಮೇಲೆ ವಾಸನೆ ಹಿಡಿಯೋ ಕೊಂಡಿಗಳು ಇವೆ, ಇದರ ಜೀನುಗಳನ್ನ 1991ರಲ್ಲಿ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಪತ್ತೆ ಮಾಡಿದ್ದು. ನನಗೆ ಅರ್ಥ ಆಗಿದ್ದು ಹಾರ್ಮೋನಿಯಂ ಲೆಕ್ಕದಲ್ಲಿ: ಜೀರಿಗೆಗೆ ಅಂತ ಒಂದೇ ಮನೆ ಇಲ್ಲ, ಹತ್ತಾರು ಮನೆ ಒಟ್ಟಿಗೆ ಒತ್ತಿದ್ರೆ ಜೀರಿಗೆ, ಅದ್ರಲ್ಲಿ ನಾಲ್ಕು ಬಿಟ್ಟು ಬೇರೆ ನಾಲ್ಕು ಒತ್ತಿದ್ರೆ ಇನ್ನೇನೋ. ಕೋವಿಡ್ ಹೆಚ್ಚಾಗಿ ಹಾಳು ಮಾಡಿದ್ದು ಈ ನರಕೋಶಗಳನ್ನಲ್ಲ, ಅವುಗಳ ಪಕ್ಕ ನಿಂತು ಆರೈಕೆ ಮಾಡೋ ಕೋಶಗಳನ್ನ. ಆರೈಕೆ ಇಲ್ದೆ ಇವೂ ಕೂತವು.

ಸರಿ, ಮೂಗು ಬರೋವರೆಗೆ ಅಂಗಡಿ ಮುಚ್ಚೋಕಾಗುತ್ತಾ? ಕಿವಿ, ಕಣ್ಣು, ಕೈ ಇಟ್ಕೊಂಡು ಶುರು ಮಾಡಿದೆ. ಮೊದಲು ಎಕ್ಸಾಸ್ಟ್ ಫ್ಯಾನ್ ಆಫ್, ಫೋನ್ ಆಫ್. ಕೊತ್ತಂಬರಿ ಬೀಜ ಹಸಿ ಇರುವಾಗ ಸೌಟು ಆಡಿಸಿದ್ರೆ ಮಂದ ಸದ್ದು, ತೇವ ಹೋಗ್ತಾ ಹೋಗ್ತಾ ಸದ್ದು ಹಗುರಾಗುತ್ತೆ, ಒಣ ಎಲೆ ಮೇಲೆ ನಡೆದ ಹಾಗೆ ಗರಗರ ಅನ್ನುತ್ತೆ, ಆಗ ಒಂದು ಬೀಜ ತೆಗೆದು ಎರಡು ಬೆರಳಲ್ಲಿ ಹಿಸುಕಿದ್ರೆ ಟಪ್ಪಂತ ಒಡೀಬೇಕು, ಬಾಗಿದ್ರೆ ಇನ್ನೂ ಸಮಯ ಇದೆ. ಕರಿಬೇವು ಮುಷ್ಟೀಲಿ ಹಿಡಿದ್ರೆ ಪುಡಿಯಾಗ್ಬೇಕು. ಸಾಸಿವೆ ಪಾಪ ತಾನೇ ಹೇಳುತ್ತೆ. ಮೆಂತ್ಯ ಮಾತ್ರ ಮೋಸಗಾರ, ಸದ್ದಿಲ್ಲ, ಹೊಂಬಣ್ಣದಿಂದ ಕೆಂಪಿಗೆ ತಿರುಗೋದು ಕಣ್ಣು ಮಿಟುಕಿಸೋದ್ರಲ್ಲಿ ಆಗೋಗುತ್ತೆ, ಸ್ವಲ್ಪ ಮುಂದೆ ಹೋದ್ರೆ ಇಡೀ ಪುಡಿ ಕಹಿ. ಅದಕ್ಕೆ ಟ್ಯೂಬ್‌ಲೈಟ್ ಸಾಲದು ಅಂತ ಕಿಟಕಿ ಪಕ್ಕಕ್ಕೆ ಒಲೆ ಸರಿಸಿದೆ. ಕಣ್ಣೂ ಪೂರ್ತಿ ನಂಬೋ ಹಾಗಿಲ್ಲ, ಬ್ಯಾಡಗಿ ಜಾಸ್ತಿ ಹಾಕಿ ಕಡುಗೆಂಪಾದ ಪುಡಿ ಕೊಟ್ರೆ ಗಿರಾಕಿಗಳು "ಈ ಸಲ ಖಾರ ಜಾಸ್ತಿ" ಅಂತಾರೆ, ಬ್ಯಾಡಗೀಲಿ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಎಷ್ಟು ಹೇಳಿದ್ರೂ ಅಷ್ಟೇ.

ಇನ್ನೊಂದು ಭಯ ಗ್ಯಾಸಿನದು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಲೀಕ್ ಆದ್ರೆ ಗೊತ್ತಾಗ್ಲಿ ಅಂತ್ಲೇ ಕೆಟ್ಟ ನಾತದ ಮರ್ಕ್ಯಾಪ್ಟಾನ್ ಬೆರೆಸಿರ್ತಾರೆ, ನಂಗೆ ಅದೂ ಬರಲ್ಲ. ಗ್ಯಾಸ್ ಡಿಟೆಕ್ಟರ್ ತಂದು ನೆಲದ ಹತ್ರ ಹಾಕಿಸಿದೆ, ಯಾಕಂದ್ರೆ ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ತುಂಬ್ಕೊಳ್ಳೋದು. ವಾಸನೆ ಹೋದವರು ಯಾರೇ ಆದ್ರೂ ಮೊದಲು ಇದು ಮಾಡ್ಸಿ.

ಡಾಕ್ಟ್ರು ಹೇಳಿದ ಔಷಧಿ ಅಂದ್ರೆ ಮೂಸೋದು. ನಿಜ, ಅಷ್ಟೇ. ಜರ್ಮನಿಯ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನ ವಾಸನೆ ಕಳ್ಕೊಂಡವರಿಗೆ ದಿನಕ್ಕೆರಡು ಸಲ 12 ವಾರ ಮೂಸಿಸಿ ನೋಡಿದ್ರು, ಕೆಲವರಿಗೆ ಅದ್ರಿಂದ ವಾಸನೆ ಸುಧಾರಿಸಿತ್ತು. ನಾನು ಹಳೇ ಜಾಮ್ ಬಾಟ್ಲಿ ತೊಳೆದು ಒಂದರಲ್ಲಿ ಹಿತ್ತಲ ಗುಲಾಬಿ, ಒಂದರಲ್ಲಿ ನಿಂಬೆ ಸಿಪ್ಪೆ, ಒಂದರಲ್ಲಿ ಕುಟ್ಟಿದ ಲವಂಗ, ಇನ್ನೊಂದರಲ್ಲಿ ಹತ್ತಿಗೆ ಎರಡು ಹನಿ ನೀಲಗಿರಿ ಎಣ್ಣೆ. ಒಂದೊಂದೂ ಇಪ್ಪತ್ತು ಸೆಕೆಂಡು, ಕಣ್ಮುಚ್ಚಿ ಆ ವಾಸನೆ ಹೇಗಿತ್ತು ಅಂತ ನೆನಪು ಮಾಡ್ಕೊಳ್ತಾ. ಮೊದಲ ವಾರವೇ ನೀಲಗಿರಿ ಬಂತು ಅಂತ ಕುಣಿದೆ, ಆಮೇಲೆ ಗೊತ್ತಾಯ್ತು ಅದು ವಾಸನೆ ಅಲ್ಲ, ತಂಪು, ಮತ್ತೆ ಅದೇ ಟ್ರೈಜೆಮಿನಲ್ ವೈರು! ಎಂಟು ವಾರ ಖಾಲಿ ಬಾಟ್ಲಿ ಮೂಸಿದ ಹಾಗೇ. ಒಂಬತ್ತನೇ ವಾರ ಲವಂಗ ಒಂದು ಕ್ಷಣ ಬಂದು ಹೋಯ್ತು, ಲವಂಗ ಅನ್ನೋಕಿಂತ ಮೊದಲು ಹಲ್ಲಿನ ಡಾಕ್ಟ್ರ ಕುರ್ಚಿ ನೆನಪಾಯ್ತು.

ಐದನೇ ತಿಂಗಳಿಗೆ ಬೇರೆ ಗ್ರಹಚಾರ. ಕಾಫಿ ವಾಸನೆ ಬಂತು, ಆದ್ರೆ ಸುಟ್ಟ ಟೈರಿನ ಥರ, ಅದರ ಜೊತೆ ಏನೋ ಕೊಳೆತದ್ದು. ಈರುಳ್ಳಿ, ಬೆಳ್ಳುಳ್ಳಿ, ಇಂಗು ಎಲ್ಲಾ ಅದೇ ಕೆಟ್ಟ ನಾತ. ಕಾಫಿಪುಡಿ ಅಂಗಡಿ ಇರೋ ರಸ್ತೆ ಬಿಟ್ಟು ಸುತ್ತು ಹಾಕ್ಕೊಂಡು ತರಕಾರಿಗೆ ಹೋಗ್ತಿದ್ದೆ. ಡಾಕ್ಟ್ರು "ಒಳ್ಳೇದೇ, ನರ ಮತ್ತೆ ಬೆಳೀತಿದೆ" ಅಂದ್ರು, ನಂಗೆ ಸಿಟ್ಟೇ ಬಂದಿತ್ತು. ಹಾರ್ಮೋನಿಯಂನಲ್ಲಿ ಕೆಲವೇ ಮನೆ ರಿಪೇರಿ ಆಗಿ ಅವು ಮಾತ್ರ ಕಿರುಚಿದ ಹಾಗೆ ಅಂತ ಸಮಾಧಾನ ಮಾಡ್ಕೊಂಡೆ. ಇಂಗ್ಲೆಂಡಿನ ರೆಡಿಂಗ್ ಯೂನಿವರ್ಸಿಟಿಯವರು ಆಮೇಲೆ ಕಾಫಿಯೊಳಗಿನ ಗಂಧಕ ಇರೋ ಒಂದು ಅಣುವನ್ನೇ ಮುಖ್ಯ ಕಾರಣ ಅಂತ ಗುರುತಿಸಿದ್ರು, ಬಹಳ ಕಮ್ಮಿ ಇದ್ರೂ ಮೂಗಿಗೆ ಸಿಗೋ ಅಣು ಅದು, ಹುರಿದಾಗ ಹುಟ್ಟೋದು. ಹುರಿಯೋದೇ ನನ್ನ ಕೆಲಸ, ಏನ್ಮಾಡ್ಲಿ, ಆ ನಾಲ್ಕು ತಿಂಗಳು ಮೂಗಿಗೆ ಕ್ಲಿಪ್ ಹಾಕ್ಕೊಂಡೇ ಹುರಿದೆ, ಬಾಟ್ಲಿ ಮೂಸೋದು ಬಿಡ್ಲಿಲ್ಲ.

ಈಗ ಕಾಫಿ ಕಾಫಿ ಥರಾನೇ ಇದೆ, ಹಾಲು ಜಾಸ್ತಿ ಬೇಕು ಅಷ್ಟೇ. ಕೊತ್ತಂಬರಿ, ಜೀರಿಗೆ ಚೆನ್ನಾಗಿ ಬರುತ್ತೆ. ಆದ್ರೂ ಫ್ಯಾನ್ ಆಫ್ ಮಾಡಿ ಕಿವಿ ಕೊಡೋ ಅಭ್ಯಾಸ ಹೋಗಿಲ್ಲ, ಹತ್ತು ನಿಮಿಷ ಹುರಿದ ಮೇಲೆ ಯಾವ ಮೂಗಾದ್ರೂ ಒಂದೇ ವಾಸನೆಗೆ ಒಗ್ಗಿ ಸುಮ್ನಾಗುತ್ತೆ, ಆಗ ಒಂದ್ಸಲ ಹಿತ್ತಲಿಗೆ ಹೋಗಿ ನಿಂತು ಬರ್ತೀನಿ. ಇಂಗು ಮಾತ್ರ ಈಗ್ಲೂ ಒಂದೊಂದು ದಿನ ಒಂದೊಂದು ಥರ. ಅದನ್ನ ಮೂಸಿ ಹಾಕೋದು ಬಿಟ್ಟಿದೀನಿ, ಕೆಜಿಗೆ ಹತ್ತು ಗ್ರಾಂ, ತಕ್ಕಡೀಲಿ ತೂಗಿ.