ಗೋಡೆಯ ಬಣ್ಣ ಆಮೇಲೆ: ಪಾಲಿಕೆಯ ಕನ್ನಡ ಶಾಲೆಗೆ ಅಭಿವೃದ್ಧಿ ಯೋಜನೆ ಬರೆಯುವುದು ಹೇಗೆ?

ಮುಂಬಯಿಯಲ್ಲಿ ಕನ್ನಡ ಶಾಲೆಗೆ ಏನಾದರೂ ಮಾಡೋಣ ಎಂದು ನಾಲ್ಕು ಜನ ಕೂತರೆ ಮೊದಲು ಬರುವ ಸಲಹೆ ಗೋಡೆಗೆ ಬಣ್ಣ, ಇಲ್ಲವೇ ನೋಟ್‌ಬುಕ್ ಹಂಚಿಕೆ. ಆದರೆ ಪಾಲಿಕೆ ಶಾಲೆಯ ಮಕ್ಕಳಿಗೆ ನೋಟ್‌ಬುಕ್, ಸಮವಸ್ತ್ರ, ಚೀಲ, ಬೂಟು ಸೇರಿ 27 ಬಗೆಯ ವಸ್ತುಗಳು ಪುಕ್ಕಟೆಯಾಗಿಯೇ ಬರುತ್ತವೆ. ಮೊದಲು ನೋಡಬೇಕಾದದ್ದು ಶಿಕ್ಷಕರ ಸಂಖ್ಯೆ, ಮಕ್ಕಳ ಓದು, ಶೌಚಾಲಯದ ನೀರು ಮತ್ತು ಏಳನೇ ಇಯತ್ತೆ (ತರಗತಿ) ಮುಗಿದ ಮೇಲಿನ ದಾರಿ.

ಯಾವುದು ಮೊದಲು ಎಂದು ಬರೆದುಕೊಡುವ ಹಕ್ಕು ಪಾಲಕರಿಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಈ ಸಮಿತಿ ಬರೆಯುವ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ ಎನ್ನುತ್ತದೆ 22ನೇ ಕಲಂ. ಕನ್ನಡ ಸಂಘಗಳು ನಡೆಸುವ ಅನುದಾನಿತ ಶಾಲೆಗಳಲ್ಲಿ ಸಮಿತಿಯದು ಸಲಹೆಯ ಪಾತ್ರ ಮಾತ್ರ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಪಾಲಿಕೆ ಶಾಲೆಗಳಿಗೆ. ಪಾಲಿಕೆಯ ಶಿಕ್ಷಣ ಬಜೆಟ್ ಫೆಬ್ರುವರಿಯ ಮೊದಲ ವಾರದ ಹೊತ್ತಿಗೆ ಮಂಡನೆಯಾಗುತ್ತದೆ. ನಿಮ್ಮ ಯೋಜನೆ ಡಿಸೆಂಬರಿನೊಳಗೆ ಕಚೇರಿ ಮುಟ್ಟಿರಬೇಕು, ಅದರ ತಯಾರಿ ಜೂನ್‌ನಲ್ಲೇ ಶುರುವಾಗಬೇಕು.

ಜೂನ್‌ನಿಂದ ಸೆಪ್ಟೆಂಬರ್: ಪಟಸಂಖ್ಯೆ

ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿ. ಶಾಲೆಗೆ ಎಷ್ಟು ಶಿಕ್ಷಕರು ಎಂಬುದನ್ನು ಮಹಾರಾಷ್ಟ್ರದಲ್ಲಿ ಸಂಚಮಾನ್ಯತೆ, ಅಂದರೆ ಶಿಕ್ಷಕರ ಹುದ್ದೆಗಳ ಮಂಜೂರಾತಿ ಆದೇಶ, ನಿರ್ಧರಿಸುತ್ತದೆ. ಅದಕ್ಕೆ ಲೆಕ್ಕ ಹಿಡಿಯುವುದು ಸೆಪ್ಟೆಂಬರ್ 30ರ ಪಟಸಂಖ್ಯೆಯನ್ನು (ದಾಖಲಾದ ಮಕ್ಕಳ ಸಂಖ್ಯೆ), ಅದರಲ್ಲೂ ಆಧಾರ್ ತಾಳೆಯಾದ ಮಕ್ಕಳನ್ನು. ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು. ಕನ್ನಡ ವಿಭಾಗಗಳಲ್ಲಿ ಮಕ್ಕಳು ಕಡಿಮೆ. ಇಬ್ಬರು ಮೂವರು ಮಕ್ಕಳ ಹೆಸರು ತಾಳೆಯಾಗದೆ ಬಿಟ್ಟುಹೋದರೂ ಒಂದು ಹುದ್ದೆಯೇ ಹೋಗಬಹುದು. ನಿಮ್ಮ ಶಾಲೆಯ ಸಂಚಮಾನ್ಯತೆ ಆದೇಶದ ಪ್ರತಿಯನ್ನು ಮುಖ್ಯಾಧ್ಯಾಪಕರಲ್ಲಿ ಕೇಳಿ ಪಡೆದು, ಈ ಲೆಕ್ಕದ ಪಕ್ಕಕ್ಕಿಟ್ಟು ನೋಡಿ.

ಹೆಸರು ತಾಳೆಯಾಗದಿರಲು ಸಾಮಾನ್ಯ ಕಾರಣ ಬರೆಯುವ ರೀತಿ. ಕರ್ನಾಟಕದಲ್ಲಿ ಮಾಡಿಸಿದ ಆಧಾರ್‌ನಲ್ಲಿ ಮಗುವಿನ ಹೆಸರಿನ ಜೊತೆ ಹಲವು ಸಲ ಬರೀ ಇನಿಷಿಯಲ್ ಇರುತ್ತದೆ. ಇಲ್ಲಿನ ದಾಖಲೆಯಲ್ಲಿ ಅಡ್ಡಹೆಸರು, ಮಗುವಿನ ಹೆಸರು, ತಂದೆಯ ಹೆಸರು ಎಂದು ಬರೆಯುತ್ತಾರೆ. ಹುಟ್ಟಿದ ತಾರೀಖಿನಲ್ಲೂ ತಪ್ಪಿರುತ್ತದೆ. ಐದು ವರ್ಷ ತುಂಬಿದಾಗ ಮಾಡಿಸಬೇಕಾದ ಬೆರಳಚ್ಚು ಹಲವರದು ಬಾಕಿ. ತಾಳೆಯಾಗದವರ ಪಟ್ಟಿ ಜುಲೈಯಲ್ಲೇ ಕೈಗೆ ಬಂದರೆ ಆಗಸ್ಟಿನಲ್ಲಿ ತಿದ್ದಿಸಲು ಸಮಯವಿರುತ್ತದೆ. ಸೆಪ್ಟೆಂಬರಿನಲ್ಲಿ ಹೊರಟರೆ ತಿದ್ದುಪಡಿ ಬರುವಷ್ಟರಲ್ಲಿ ದಿನಾಂಕ ಮುಗಿದಿರುತ್ತದೆ.

ಇದೇ ಹೊತ್ತಿಗೆ ಶಾಲೆಗೆ ಬಾರದ ಮಕ್ಕಳನ್ನೂ ಹುಡುಕಿ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿರುವ ಗಲ್ಲಿಗಳಿಗೆ, ಕೂಲಿಗೆ ನಿಲ್ಲುವ ನಾಕಾಗಳಿಗೆ ಇಬ್ಬಿಬ್ಬರಂತೆ ಹೋಗಿ. ಊರಿನ ಶಾಲೆಯ ದಾಖಲೆ ಇಲ್ಲವಲ್ಲ ಎಂದು ತಾಯಂದಿರು ಹಿಂಜರಿಯುತ್ತಾರೆ. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ಜನನ ಪತ್ರ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಕಾಯ್ದೆಯ 5 ಮತ್ತು 14ನೇ ಕಲಂಗಳನ್ನು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ.

ಹಾಜರಿ ಪುಸ್ತಕ ನೋಡುವಾಗ ಮೇ ರಜೆಗೆ ಊರಿಗೆ ಹೋದವರು ಯಾವಾಗ ಮರಳಿದರು, ದಸರೆ ದೀಪಾವಳಿ ನಡುವೆ ಎಷ್ಟು ಜನ ಕಾಣೆಯಾಗುತ್ತಾರೆ ಎಂದು ಗುರುತು ಹಾಕಿ. ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ದಸರೆಗೆ, ಇಲ್ಲಿ ದೀಪಾವಳಿಗೆ. ಊರಿನ ಲೆಕ್ಕದಲ್ಲಿ ಹೊರಟ ಮಗು ಇಲ್ಲಿ ವಾರಗಟ್ಟಲೆ ಗೈರು.

ಆಗಸ್ಟ್: ಓದು

ಮೂರರಿಂದ ಏಳನೆಯವರೆಗಿನ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿ ಓದಿಸಿ, ಐದು ನಿಮಿಷ ಸಾಕು. ಹಾಳೆಯಲ್ಲಿ ನಾಲ್ಕು ಮಟ್ಟವಿರಲಿ: ಅಕ್ಷರ, ಪದ, ನಾಲ್ಕು ಸಾಲಿನ ಸಣ್ಣ ಭಾಗ, ಎರಡನೇ ಇಯತ್ತೆ ಮಟ್ಟದ ಕಥೆ. ಕಥೆಗೆ ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ) ಕನ್ನಡ ಪುಸ್ತಕದಿಂದ ಮಗು ಓದಿರದ ಪುಟ ಆರಿಸಿ, ಬಾಯಿಪಾಠವಾದ ಪಾಠ ಕೊಟ್ಟರೆ ಏನೂ ತಿಳಿಯುವುದಿಲ್ಲ. ಜೊತೆಗೆ ಎರಡಂಕಿಯ ಒಂದು ಕಳೆಯುವ ಲೆಕ್ಕ. ಮನೆಯಲ್ಲಿ ಲಂಬಾಣಿ, ತುಳು, ಮರಾಠಿ ಆಡುವ ಮಕ್ಕಳಿರುತ್ತಾರೆ, ಉಚ್ಚಾರದ ವ್ಯತ್ಯಾಸವನ್ನು ತಪ್ಪೆಂದು ಎಣಿಸಬೇಡಿ. ಯೋಜನೆಯಲ್ಲಿ ಸಂಖ್ಯೆ ಮಾತ್ರ ಬರಲಿ, ಮಗುವಿನ ಹೆಸರು ಬೇಡ. ಶಿಕ್ಷಕರನ್ನು ಜೊತೆಗೆ ಕೂರಿಸಿಕೊಂಡೇ ಮಾಡಿ. ಅವರಿಗೆ ಗೊತ್ತಿಲ್ಲದಂತೆ ಮಾಡಿದರೆ ಅದು ತನಿಖೆಯಂತೆ ಕಾಣುತ್ತದೆ, ಆಮೇಲೆ ಅವರ ಸಹಕಾರ ಸಿಗುವುದಿಲ್ಲ.

ಕಟ್ಟಡ

ಶೌಚಾಲಯವನ್ನು ಬೆಳಿಗ್ಗೆ ನೋಡಿದರೆ ಪ್ರಯೋಜನವಿಲ್ಲ, ನಡು ರಜೆ ಮುಗಿದ ಕೂಡಲೇ ನೋಡಿ. ನಲ್ಲಿಯಲ್ಲಿ ನೀರಿದೆಯೇ, ಹುಡುಗಿಯರ ಕಡೆ ಒಳಚಿಲಕ ಇದೆಯೇ, ಮುಚ್ಚಳವಿರುವ ಕಸದ ಡಬ್ಬಿ ಇದೆಯೇ? ಕೇಂದ್ರ ಸರಕಾರದ ಸ್ವಚ್ಛ ವಿದ್ಯಾಲಯ ಮಾನದಂಡದಲ್ಲಿ 40 ಮಕ್ಕಳಿಗೆ ಒಂದು ಘಟಕ, ಅಂದರೆ ಒಂದು ಶೌಚಾಲಯ ಮತ್ತು ಮೂರು ಮೂತ್ರಾಲಯ.

ಪಾಲಿಕೆಯ ಕಟ್ಟಡಗಳಲ್ಲಿ ಒಂದು ತೊಡಕಿದೆ. ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ, ಉರ್ದು, ಕನ್ನಡ ಶಾಲೆಗಳು ಬೆಳಿಗ್ಗೆ ಮಧ್ಯಾಹ್ನದ ಪಾಳಿಯಲ್ಲಿ ನಡೆಯುತ್ತವೆ. ಘಟಕಗಳ ಲೆಕ್ಕವನ್ನು ಒಂದು ಪಾಳಿಯ ಎಲ್ಲ ಮಾಧ್ಯಮದ ಮಕ್ಕಳನ್ನು ಸೇರಿಸಿ ಮಾಡಿ. ಅರ್ಜಿಯನ್ನೂ ಎಲ್ಲ ಸಮಿತಿಗಳು ಸೇರಿ ಕೊಡಿ. ಒಂದು ಮಾಧ್ಯಮದ ಅರ್ಜಿಗಿಂತ ಇಡೀ ಕಟ್ಟಡದ ಅರ್ಜಿಗೆ ತೂಕ ಹೆಚ್ಚು.

ಅಕ್ಟೋಬರ್: ಸಭೆ

ಒಂದೇ ಸಭೆ ಕರೆದರೆ ಎಲ್ಲರೂ ಬರುವುದಿಲ್ಲ. ಮನೆಗೆಲಸದ ತಾಯಂದಿರಿಗೆ ಮಧ್ಯಾಹ್ನ, ಹೋಟೆಲಿನವರಿಗೆ 3ರಿಂದ 6ರೊಳಗೆ, ಕಟ್ಟಡ ಕೆಲಸದವರಿಗೆ ಭಾನುವಾರ, ಹೀಗೆ ಮೂರು ಬಾರಿ ಕೂಡಿ. ಸಂಖ್ಯೆಗಳನ್ನು ಓದಿ ಹೇಳಿ, ಸಮಸ್ಯೆಗಳನ್ನು ಚಿತ್ರವಾಗಿ ಹಾಳೆಯಲ್ಲಿ ಬರೆದು ನೆಲದ ಮೇಲಿಡಿ. ಪ್ರತಿಯೊಬ್ಬರಿಗೂ ಮೂರು ಹುಣಸೆ ಬೀಜ ಕೊಟ್ಟು ಮುಖ್ಯವೆನಿಸಿದ ಹಾಳೆಯ ಮೇಲೆ ಇಡಲು ಹೇಳಿ. ಕೈ ಎತ್ತಿಸಿದರೆ ಗಟ್ಟಿಯಾಗಿ ಮಾತಾಡುವವರದೇ ಗೆಲ್ಲುತ್ತದೆ. ತಾಯಂದಿರು ಮೊದಲು ಇಡಲಿ.

ಏಳು ಅಥವಾ ಎಂಟು ಮುಗಿದ ಮಗು ಎಲ್ಲಿಗೆ ಹೋಗಬೇಕು ಎಂಬ ಹಾಳೆಯೂ ಅಲ್ಲಿರಲಿ. ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆ ಇಲ್ಲದೆ ಓದು ಬಿಡುವವರಲ್ಲಿ ಹುಡುಗಿಯರೇ ಮೊದಲು. ಇದು ನಮ್ಮ ಸಮಾಜ ಎದುರಿಸಲೇಬೇಕಾದ ಪ್ರಶ್ನೆ.

ಯೋಜನೆ ಬರೆಯುವಾಗ

ಮೂರು ಆದ್ಯತೆ ಸಾಕು. ಇಪ್ಪತ್ತು ಬರೆದರೆ ಕಚೇರಿ ಸುಲಭವಾದದ್ದನ್ನು ಆರಿಸಿಕೊಳ್ಳುತ್ತದೆ, ಕಷ್ಟದ್ದು ಉಳಿದುಬಿಡುತ್ತದೆ. ಮುಂದಿನ ಮೂರು ವರ್ಷದ ತರಗತಿವಾರು ಮಕ್ಕಳ ಅಂದಾಜು, ಬೇಕಾದ ಹೆಚ್ಚುವರಿ ಶಿಕ್ಷಕರು, ಕಟ್ಟಡದ ಅಗತ್ಯ ಮತ್ತು ಹಣದ ಲೆಕ್ಕ ಇರಲಿ. ಪ್ರತಿ ಆದ್ಯತೆಯ ಎದುರು ಇಂದಿನ ಸ್ಥಿತಿ, ಬೇಕಾದದ್ದು, ಯಾವ ಕಚೇರಿ, ಯಾವ ತಾರೀಖು ಎಂದು ಬರೆಯಿರಿ.

ಕೇಂದ್ರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾದಲ್ಲಿ ಶಾಲೆಗೆ ವರ್ಷಕ್ಕೆ ಸಿಗುವ ಸಂಯುಕ್ತ ಅನುದಾನದ ಮಾನದಂಡ 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ನಲ್ಲಿ, ಚಿಲಕಗಳಿಗೆ ಇದು ಸಾಕು. ಕೊಳವೆ ಬದಲಿಸುವಂಥ ಕೆಲಸಕ್ಕೆ ಪಾಲಿಕೆಯ ಬಜೆಟ್ ಅಥವಾ ನಗರಸೇವಕರ (ಪಾಲಿಕೆ ಸದಸ್ಯರ) ನಿಧಿಯೇ ಬೇಕು.

ಅರ್ಜಿ ಮರಾಠಿಯಲ್ಲಿರಲಿ, ಸಮಿತಿಯ ಅಧ್ಯಕ್ಷರ ಮತ್ತು ಮುಖ್ಯಾಧ್ಯಾಪಕರ ಸಹಿ ಇರಲಿ. ವಾರ್ಡಿನ ಶಾಲಾ ಆಡಳಿತಾಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಆವಕ್ (ಸ್ವೀಕೃತಿ) ನಂಬರ್ ಮತ್ತು ಮುದ್ರೆ ಹಾಕಿಸಿಕೊಳ್ಳಿ. ಒಂದು ಪ್ರತಿ ನಗರಸೇವಕರಿಗೂ ಹೋಗಲಿ.

ಮಾರ್ಚ್‌ವರೆಗೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಸಾಕು, 30 ದಿನದಲ್ಲಿ ಉತ್ತರ ಬರಬೇಕು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕೆಲಸ ಯಾಕೆ ಆಗಲಿಲ್ಲ ಎಂದು ಕೇಳಬೇಡಿ, ಕಾರಣ ಕೇಳುವ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ. ಇಂಥ ಆವಕ್ ನಂಬರಿನ ಯೋಜನೆಯ ಮೇಲೆ ಅಧಿಕಾರಿಗಳು ಬರೆದ ಟಿಪ್ಪಣಿಗಳ ಪ್ರತಿ ಕೊಡಿ ಎಂದು ಕೇಳಿ.