ಎಷ್ಟು ಜಾಗ, ಎಷ್ಟು ಕಾಲ: ಪರಿಸರದ ಆರೋಗ್ಯ ಅಳೆಯುವ ಮೊದಲು ತೀರ್ಮಾನಿಸಿ

ಹೊಳೆಯದೋ ಕಾಡಿನದೋ ಆರೋಗ್ಯ ನೋಡಬೇಕು ಅಂದ ಕೂಡಲೇ ಎಲ್ಲರೂ ಕೇಳೋದು ಯಾವ ಸೂಚಕ ಬಳಸಬೇಕು ಅಂತ. ಅದು ಆಮೇಲೆ. ಎಷ್ಟು ಜಾಗದ, ಎಷ್ಟು ಕಾಲದ ಸ್ಥಿತಿ ತಿಳಿಯಬೇಕು ಅನ್ನೋದನ್ನು ಮೊದಲು ಬರೆದಿಡಿ.

ನೀರಲ್ಲಿ ಕರಗಿದ ಆಮ್ಲಜನಕವನ್ನೇ ನೋಡಿ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಅಳೆದರೆ ಬೇಕಾದಷ್ಟು ಸಿಗುತ್ತದೆ, ಯಾಕಂದ್ರೆ ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತಲೇ ಇರುತ್ತದೆ. ರಾತ್ರಿ ಅದೇ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನು ಬಳಸಿಕೊಂಡು, ಬೆಳಕು ಹರಿಯುವ ಹೊತ್ತಿಗೆ ಮೀನು ಸಾಯುವಷ್ಟು ಇಳಿದಿರಬಹುದು. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಿರಿ. ಮಧ್ಯಾಹ್ನದ ಲೆಕ್ಕವೊಂದನ್ನೇ ನಂಬಬೇಡಿ.

ಜೀವಿಗಳಲ್ಲೂ ಹಾಗೇ. ಡಯಾಟಮ್‌ಗಳು, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು, ಕೆಲವೇ ವಾರಗಳ ಬದಲಾವಣೆ ತೋರಿಸುತ್ತವೆ. ತಿಂಗಳುಗಟ್ಟಲೆ ನೀರು ಹೇಗಿತ್ತು ಅಂತ ತಿಳಿಯಬೇಕಾದರೆ ಹೊಳೆಯ ಕಲ್ಲು ಎತ್ತಿ ಅಡಿ ನೋಡಿ: ಹೊಟ್ಟೆಯ ಎರಡೂ ಪಕ್ಕ ಕಿವಿರು, ಹಿಂದೆ ಸಾಮಾನ್ಯವಾಗಿ ಮೂರು ಎಳೆಯಂಥ ಬಾಲ ಇರುವ ಮೇಫ್ಲೈ ಅನ್ನೋ ಕೀಟದ ಮರಿಗಳು ಕೊಳಕು ನೀರಲ್ಲಿ ಹೆಚ್ಚಾಗಿ ಉಳಿಯುವುದಿಲ್ಲ. ಮೀನುಗಳು ವರ್ಷಗಳ, ಇನ್ನೂ ದೊಡ್ಡ ಹರವಿನ ಸ್ಥಿತಿ ಹೇಳುತ್ತವೆ.

ಉಪಗ್ರಹ ಚಿತ್ರ ಬಳಸುವವರು ಪಿಕ್ಸೆಲ್ ಅಳತೆ, ಅಂದ್ರೆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ ಎಷ್ಟು ಅಗಲ ಅನ್ನೋದನ್ನು, ನೋಡಿಕೊಳ್ಳಿ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಲ್ಲಿ ಅದು ಹೆಚ್ಚಾಗಿ 30 ಮೀಟರ್, ಸೆಂಟಿನೆಲ್-2 ಉಪಗ್ರಹದ ಅತಿ ಸ್ಪಷ್ಟ ಚಿತ್ರಗಳಲ್ಲಿ 10 ಮೀಟರ್. ಹೊಳೆದಂಡೆಯ ಕಿರಿದಾದ ಮರಗಳ ಸಾಲು ಮೊದಲನೆಯದರಲ್ಲಿ ಪಕ್ಕದ ಹೊಲದ ಜೊತೆ ಬೆರೆತು ಹೋಗುತ್ತದೆ. ಒಂದೇ ಜಾತಿಯ ನೆಡುತೋಪು ಕೂಡ ಮೇಲಿಂದ ಹಸಿರಾಗೇ ಕಾಣುತ್ತದೆ ಅಲ್ವಾ, ನೆಲಕ್ಕಿಳಿದು ನೋಡಲೇಬೇಕು.

ಗಿಡಗಳ ಜಾತಿ ಎಣಿಸುವಾಗ ಪ್ಲಾಟ್‌ಗಳ, ಅಂದ್ರೆ ಎಣಿಕೆಗೆ ಗುರುತು ಮಾಡಿಕೊಂಡ ನೆಲದ ತುಂಡುಗಳ, ಗಾತ್ರ ಒಂದೇ ಇರಲಿ. ಜಾಗ ದೊಡ್ಡದಾದಂತೆ ಜಾತಿಗಳ ಸಂಖ್ಯೆ ಏರುತ್ತದೆ, ಆದರೆ ಜಾಗ ಎರಡರಷ್ಟಾದರೆ ಜಾತಿಯೂ ಎರಡರಷ್ಟಾಗುವುದಿಲ್ಲ. ಹಾಗಾಗಿ 1 ಚದರ ಮೀಟರಿನ ಲೆಕ್ಕವನ್ನು ಸುಮ್ನೆ 100ರಿಂದ ಗುಣಿಸಿ ದೊಡ್ಡ ಪ್ಲಾಟಿಗೆ ಹೋಲಿಸಬೇಡಿ.

ನನ್ನ ಪ್ರಕಾರ ತುಂಬಾ ಜನ ಎಡವೋದು ಇಲ್ಲಿ: ಪ್ರತಿ ಕೆರೆಯಲ್ಲೂ ಜಾತಿಗಳ ಸಂಖ್ಯೆ ಮೊದಲಿನಷ್ಟೇ ಇರಬಹುದು, ಆದರೂ ಎಲ್ಲ ಕೆರೆಗಳಲ್ಲೂ ಅವೇ ನಾಲ್ಕಾರು ಗಟ್ಟಿ ಜಾತಿಗಳು ತುಂಬಿಕೊಂಡು, ಒಂದೊಂದು ಕೆರೆಗೇ ಸೀಮಿತವಾಗಿದ್ದವು ಇಲ್ಲವಾಗಿರಬಹುದು. ಕೆರೆವಾರು ಲೆಕ್ಕದಲ್ಲಿ ಈ ನಷ್ಟ ಕಾಣುವುದೇ ಇಲ್ಲ. ಅದಕ್ಕೇ ಎರಡು ಸಂಖ್ಯೆ ಇಡಿ, ಒಂದು ಪ್ರತಿ ಕೆರೆಯದು, ಇನ್ನೊಂದು ಎಲ್ಲ ಕೆರೆಗಳನ್ನೂ ಸೇರಿಸಿದ್ದು. ಜೊತೆಗೆ ಪ್ಲಾಟ್ ಗಾತ್ರ, ಗಂಟೆ, ಋತು ನಮೂದಿಸಿ. ಮುಂದಿನ ಸಲ ಅಳೆಯುವವರು ಅದೇ ಗಾತ್ರದಲ್ಲಿ, ಅದೇ ಹೊತ್ತಿಗೆ ಅಳೆಯಲಿ.