ಗೊಬ್ಬರದ ಅಂಗಡಿಯಿಂದ ವೇದಿಕೆಗೆ: ಸಂವಹನ ಸಿದ್ಧಾಂತದ ಪ್ಯಾನೆಲ್ ಮಂಡನೆಗೆ ತಯಾರಿ

ಕೊಪ್ಪಳ, ರಾಯಚೂರು ಕಡೆಯ ಕಾಲೇಜುಗಳಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಪ್ಯಾನೆಲ್ ಮಂಡನೆಗಳನ್ನು ಹಲವು ಸಲ ಕೂತು ಕೇಳಿದ್ದೇನೆ. ಪಠ್ಯದ ಒಂದು ಅಧ್ಯಾಯವನ್ನು ತುಂಡು ಮಾಡಿ ಐವರು ಹಂಚಿಕೊಂಡಿರುತ್ತಾರೆ. ಮೊದಲನೆಯವರು ವ್ಯಾಖ್ಯಾನ ಹೇಳುತ್ತಾರೆ. ಎರಡನೆಯವರು ಮತ್ತೆ ಅದೇ ವ್ಯಾಖ್ಯಾನದಿಂದ ಶುರು ಮಾಡುತ್ತಾರೆ. ಮೂರನೆಯವರು ಮಾತಾಡುವಾಗ ಉಳಿದವರು ತಲೆ ತಗ್ಗಿಸಿ ತಮ್ಮ ತಮ್ಮ ಹಾಳೆ ಓದಿಕೊಳ್ಳುತ್ತಿರುತ್ತಾರೆ. ಎಲ್ಲರೂ ಶ್ರಮಪಟ್ಟವರೇ, ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ದಾಟುವುದಿಲ್ಲ. ನೋಡುತ್ತಾ ಕೂತವರಿಗೆ ಸಂಕಟವಾಗುತ್ತದೆ. ಎರಡು ವಾರ ಮುಂಚೆ ಕೂತು ಯೋಜಿಸಿದರೆ ಇದನ್ನು ತಪ್ಪಿಸಬಹುದು.

ಉದಾಹರಣೆಗೆ ನಾವೀನ್ಯ ಪ್ರಸರಣ ಸಿದ್ಧಾಂತವನ್ನು ತೆಗೆದುಕೊಳ್ಳೋಣ. ಹೊಸ ವಿಚಾರ, ಹೊಸ ಪದ್ಧತಿ ಜನರ ನಡುವೆ ಯಾರ ಮೂಲಕ, ಎಷ್ಟು ಕಾಲದಲ್ಲಿ ಹರಡುತ್ತದೆ ಎಂಬುದು ಅದರ ವಿಷಯ. ಭತ್ತದ ಸೀಮೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸಿದ್ಧಾಂತ ನನಗೆ ಕಾಣುವುದಿಲ್ಲ.

ಮೊದಲು ಪ್ರಶ್ನೆ, ಆಮೇಲೆ ಹಂಚಿಕೆ

ಮೊದಲ ದಿನ ಯಾರು ಏನು ಮಾತಾಡಬೇಕೆಂದು ಹಂಚಲೇಬೇಡಿ. ಇಡೀ ತಂಡ ಸೇರಿ ಒಂದು ಪ್ರಶ್ನೆ ಬರೆದುಕೊಳ್ಳಿ. ‘ನಾವೀನ್ಯ ಪ್ರಸರಣ: ಒಂದು ಅವಲೋಕನ’ ಎಂದರೆ ಅದು ಶೀರ್ಷಿಕೆಯಾಯಿತು, ಪ್ರಶ್ನೆಯಾಗಲಿಲ್ಲ. ‘ನಾಟಿ ಬಿಟ್ಟು ಕೂರಿಗೆ ಭತ್ತಕ್ಕೆ ಬಂದ ರೈತ ಯಾರ ಮಾತು ನಂಬಿ ಬಂದ?’ ಎಂದು ಕೇಳಿ ನೋಡಿ. ಸಸಿಮಡಿ, ಕೆಸರು, ನಾಟಿ ಯಾವುದೂ ಇಲ್ಲದೆ ಒಣ ಮಣ್ಣಿನಲ್ಲೇ ಬಿತ್ತುವ ಈ ಪದ್ಧತಿ ತುಂಗಭದ್ರಾ ಅಚ್ಚುಕಟ್ಟಿನ ಮನೆಗಳಿಗೆ ಹೊಸ ಸುದ್ದಿಯಲ್ಲ. ಇದರಲ್ಲಿ ನೀರು ಉಳಿಯುತ್ತದೆ, ಕೂಲಿ ಉಳಿಯುತ್ತದೆ. ಕಳೆಯ ಕಾಟ ಮಾತ್ರ ಹೆಚ್ಚು. ಒಪ್ಪಿದವರಿಗೂ ಒಪ್ಪದವರಿಗೂ ಅವರವರ ಕಾರಣಗಳಿವೆ. ಚರ್ಚೆಗೆ ಬೇಕಾದದ್ದೂ ಅದೇ.

ಎರಡನೆಯ ಕೆಲಸ, ಸಿದ್ಧಾಂತ ಹುಟ್ಟಿದ ಕಥೆಯನ್ನು ಎಲ್ಲರೂ ಓದುವುದು. ಅಮೆರಿಕದ ಅಯೋವಾ ರಾಜ್ಯದ ರೈತರ ಕೈಗೆ 1928ರಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಬಂತು. ಬ್ರೈಸ್ ರಯಾನ್, ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಲ್ಲಿನ ಎರಡು ಊರುಗಳ 259 ರೈತರನ್ನು ಮಾತಾಡಿಸಿ 1943ರಲ್ಲಿ ಅಧ್ಯಯನ ಪ್ರಕಟಿಸಿದರು. ಅಷ್ಟರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಾಗಿತ್ತು. ಸುದ್ದಿಯನ್ನು ಮೊದಲು ಮುಟ್ಟಿಸಿದವರಲ್ಲಿ ಬೀಜ ಮಾರುವವರೇ ಮುಂದಿದ್ದರು. ಮನಸ್ಸು ಒಪ್ಪಿಸಿದವರಲ್ಲಿ ಅಕ್ಕಪಕ್ಕದ ಹೊಲದವರು ಮುಂದಿದ್ದರು. ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1962ರಲ್ಲಿ ಸಿದ್ಧಾಂತ ಕಟ್ಟಿದವರು ಎವರೆಟ್ ರೋಜರ್ಸ್. ಅವರೂ ಅಯೋವಾದ ರೈತನ ಮಗ. ತಂದೆಗೆ ಹೊಸ ಯಂತ್ರವೆಂದರೆ ಪ್ರೀತಿ, ಹೈಬ್ರಿಡ್ ಬೀಜ ಮಾತ್ರ ಬೇಡ. 1936ರ ಬರದಲ್ಲಿ ಪಕ್ಕದ ಹೊಲದ ಹೈಬ್ರಿಡ್ ಪೈರು ಎದ್ದು ನಿಂತು, ತಮ್ಮದು ಬಾಡಿದ್ದನ್ನು ಕಂಡ ಮೇಲೆ ಅವರು ಒಪ್ಪಿದರು. ನಾನಾದರೆ ಮಂಡನೆಯನ್ನು ಈ ಬಾಡಿದ ಹೊಲದಿಂದಲೇ ಆರಂಭಿಸುತ್ತೇನೆ.

ಹತ್ತು ಜನರನ್ನು ಮಾತಾಡಿಸಿ

ಊರಿಗೆ ಹೋಗಿ ಕೇಳುವ ಕೆಲಸವನ್ನು ದಯವಿಟ್ಟು ಬಿಡಬೇಡಿ. ಒಮ್ಮೆ ವಿದ್ಯಾರ್ಥಿಗಳ ಜೊತೆ ಕಾರಟಗಿಯ ಒಂದು ಗೊಬ್ಬರದ ಅಂಗಡಿಯಲ್ಲಿ ಬೆಳಿಗ್ಗೆ ಎರಡು ತಾಸು ಕೂತಿದ್ದೆ. ಹಿರಿಯ ರೈತರೊಬ್ಬರು ಟವೆಲ್ಲಿನ ತುದಿಯ ಗಂಟು ಬಿಚ್ಚಿ, ಕಂದು ಚುಕ್ಕೆ ಬಿದ್ದ ಭತ್ತದ ಎಲೆಗಳನ್ನು ಮೇಜಿನ ಮೇಲಿಟ್ಟರು. ಅಂಗಡಿಯವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಔಷಧದ ಹೆಸರು ರೈತರ ಮೊಬೈಲ್‌ನಲ್ಲಿ ಮೊದಲೇ ಇತ್ತು. ‘ಗೊತ್ತಿದ್ದೂ ಯಾಕೆ ಬಂದಿರಿ, ಯಜಮಾನರೇ?’ ಎಂದು ಹುಡುಗನೊಬ್ಬ ಕೇಳಿದ. ‘ಫೋನಿನಲ್ಲಿ ಎಲ್ಲವನ್ನೂ ನೋಡುತ್ತೇನೆ ತಮ್ಮಾ, ಇವರನ್ನು ಒಂದು ಮಾತು ಕೇಳದೆ ಒಯ್ಯುವುದಿಲ್ಲ’ ಎಂದರು. ರಯಾನ್ ಮತ್ತು ಗ್ರಾಸ್ ಕಂಡದ್ದು ಆ ಹುಡುಗನಿಗೆ ಅಲ್ಲೇ ಅರ್ಥವಾಯಿತು. ಹಾಗೆಂದು ಎರಡೂ ಒಂದೇ ಅಲ್ಲ. ಅಲ್ಲಿ ನಂಬಿಸಿದವರು ನೆರೆಯವರು, ಇಲ್ಲಿ ಮಾರುವವರೇ. ಈ ವ್ಯತ್ಯಾಸವನ್ನು ವೇದಿಕೆಗೆ ತನ್ನಿ, ಮುಚ್ಚಿಡಬೇಡಿ.

ಎರಡೇ ಪ್ರಶ್ನೆ ಸಾಕು: ಮೊದಲು ಎಲ್ಲಿ ಕೇಳಿದಿರಿ? ಯಾರು ಹೇಳಿದ ಮೇಲೆ ಮಾಡಿದಿರಿ? ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಫೋಟೊಗೆ, ಹೆಸರು ಹೇಳುವುದಕ್ಕೆ ಒಪ್ಪಿಗೆ ಕೇಳಿ. ಹತ್ತು ಜನರಲ್ಲಿ ಏಳು ಮಂದಿ ಹೇಳಿದ್ದನ್ನು ‘ಶೇಕಡಾ 70’ ಎಂದು ಬರೆಯಬೇಡಿ, ‘ಹತ್ತರಲ್ಲಿ ಏಳು ಮಂದಿ’ ಎಂದೇ ಹೇಳಿ.

ಯಾರಿಗೆ ಯಾವ ಭಾಗ?

ಈಗ ಹಂಚಿಕೊಳ್ಳಿ. ಒಬ್ಬರು ಸಮನ್ವಯಕಾರರು, ನಾಲ್ವರು ಮಾತುಗಾರರು. ಮೊದಲನೆಯವರದು ಅಯೋವಾದ ಕಥೆ. ಎರಡನೆಯವರು ರೋಜರ್ಸ್ ಹೇಳಿದ ಐದು ಗುಣಗಳನ್ನು ಕೂರಿಗೆ ಭತ್ತಕ್ಕೆ ಹಚ್ಚಿ ನೋಡಲಿ: ಹಳೆಯದಕ್ಕಿಂತ ಲಾಭವೇ, ನಮ್ಮ ರೂಢಿಗೆ ಹೊಂದುತ್ತದೆಯೇ, ತೊಡಕು ಎಷ್ಟು, ಒಂದು ಎಕರೆಯಲ್ಲಿ ಮಾಡಿ ನೋಡಬಹುದೇ, ಫಲ ದಾರಿಹೋಕರ ಕಣ್ಣಿಗೂ ಬೀಳುತ್ತದೆಯೇ. ಮೂರನೆಯವರು ಊರಿನಿಂದ ತಂದ ಉತ್ತರಗಳನ್ನು ಇಡಲಿ.

ನಾಲ್ಕನೆಯವರದು ಟೀಕೆ. ತಂಡದಲ್ಲಿ ಗಟ್ಟಿ ಓದು ಇರುವವರಿಗೆ ಇದನ್ನು ಕೊಡಿ. ರೋಜರ್ಸ್ ಜನರನ್ನು ಐದು ಗುಂಪು ಮಾಡಿದರು: ಎಲ್ಲರಿಗಿಂತ ಮೊದಲು ಕೈಹಾಕುವವರು ಶೇ 2.5, ಅವರ ಹಿಂದೆ ಬೇಗ ಒಪ್ಪುವವರು ಶೇ 13.5, ಆಮೇಲೆ ಶೇ 34ರ ಎರಡು ದೊಡ್ಡ ಗುಂಪುಗಳು, ಕೊನೆಗೆ ಒಪ್ಪುವವರು ಶೇ 16. ವಿದ್ಯಾರ್ಥಿಗಳು ಇದನ್ನು ಊರೂರು ಎಣಿಸಿ ತಂದ ಲೆಕ್ಕದಂತೆ ಒಪ್ಪಿಸುತ್ತಾರೆ. ಗಂಟೆಯಾಕಾರದ ಸಂಖ್ಯಾಶಾಸ್ತ್ರದ ರೇಖೆಯನ್ನು ಸರಾಸರಿಯ ಆಚೀಚೆ ಕತ್ತರಿಸಿದ ಭಾಗಗಳಿವು, ಅಷ್ಟೇ. ಅದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ: ಹೊಸದೆಲ್ಲ ಒಳ್ಳೆಯದು, ಒಪ್ಪದವನು ಹಿಂದುಳಿದವನು ಎಂಬ ಧೋರಣೆ ಈ ಸಿದ್ಧಾಂತದ ಒಳಗೇ ಕೂತಿದೆ. ರೋಜರ್ಸ್ ಕೂಡ ಮುಂದೆ ಈ ಪಕ್ಷಪಾತವನ್ನು ಚರ್ಚಿಸಿದರು. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಸಾಕಷ್ಟು ಸಿಗುವ ರೈತ ನಾಟಿಯನ್ನೇ ಹಿಡಿದುಕೊಂಡರೆ ಅವನು ಹಿಂದುಳಿದವನೇ? ಮಾನ್ವಿ ಕಡೆಯ ಕೊನೆ ಭಾಗದಲ್ಲಿ ನೀರಿಗೆ ಕಾದು ಕಾದು ಕೂರಿಗೆ ಹಿಡಿದವನದು ಹೊಸತನದ ಉತ್ಸಾಹವೋ, ಬೇರೆ ದಾರಿ ಇಲ್ಲದ ಸ್ಥಿತಿಯೋ? ಸಭೆ ಎಚ್ಚೆತ್ತು ಕೂರುವುದು ಇಂಥ ಪ್ರಶ್ನೆಗೆ.

ಸಮಯ ನಲವತ್ತು ನಿಮಿಷವಿದ್ದರೆ ಸಮನ್ವಯಕಾರರಿಗೆ ಐದು, ನಾಲ್ವರಿಗೆ ತಲಾ ಐದು, ಉಳಿದ ಹದಿನೈದು ಸಭಿಕರ ಪ್ರಶ್ನೆಗಳಿಗೆ. ಈ ಹದಿನೈದನ್ನು ಯಾರೂ ತಿನ್ನಬಾರದು. ಸ್ಲೈಡ್ ನಾಲ್ಕೈದು ಸಾಕು. ಕರೆಂಟ್ ಹೋದರೂ ನಡೆಯುವಂತಿರಲಿ.

ತಾಲೀಮು ಎರಡು ಸಲ ಮಾಡಿ. ಮೊದಲ ಸಲ ಕೊಂಡಿಗಳನ್ನಷ್ಟೇ ನೋಡಿ. ಭಜನೆಯಲ್ಲಿ ಮುಂದಿನವರು ಬಿಟ್ಟ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರಲ್ಲ, ಹಾಗೆ ಪ್ರತಿಯೊಬ್ಬರೂ ಹಿಂದಿನವರ ಒಂದು ಮಾತನ್ನು ಹಿಡಿದೇ ಶುರು ಮಾಡಬೇಕು. ‘ನೆರೆಯವರನ್ನು ನಂಬಿದರು ಎಂದಿರಿ, ನಮ್ಮ ಹತ್ತು ಜನರಲ್ಲಿ ಮಾತ್ರ ಬೇರೆಯೇ ಕಂಡಿತು’ ಎಂಬಂತೆ. ಎರಡನೆಯ ಸಲ ಭಾಗಗಳನ್ನು ಅದಲುಬದಲು ಮಾಡಿ, ಪ್ರತಿಯೊಬ್ಬರೂ ಪಕ್ಕದವರ ಐದು ನಿಮಿಷವನ್ನು ಎರಡು ನಿಮಿಷದಲ್ಲಿ ಹೇಳಲಿ. ತಡವರಿಸುವ ಜಾಗ ಅಲ್ಲೇ ಸಿಗುತ್ತದೆ. ಆ ದಿನ ಊರಿನ ಬಸ್ ತಪ್ಪಿ ಒಬ್ಬರು ಬಾರದಿದ್ದರೂ ಮಂಡನೆ ನಿಲ್ಲುವುದಿಲ್ಲ.

ಸಭೆಯಿಂದ ಬಂದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ‘ಗೊತ್ತಿಲ್ಲ, ಕೇಳಿಕೊಂಡು ಬಂದು ಹೇಳುತ್ತೇವೆ’ ಎನ್ನಿ. ಸಮನ್ವಯಕಾರರು ಕೇಳಿದವರ ಹೆಸರನ್ನೂ ಪ್ರಶ್ನೆಯನ್ನೂ ಬರೆದುಕೊಂಡು, ಮುಂದಿನ ತರಗತಿಯ ಮೊದಲ ಐದು ನಿಮಿಷದಲ್ಲಿ ಉತ್ತರ ಕೊಡಲಿ.